ಬ್ರೇಕಿನೊಳಗಿನ ಗಾಳಿ

ಹಿಂಗಾರಿ ಜೋಳ ಮೊಣಕಾಲುದ್ದ ಬಂದಿದ್ದ ದಿನಗಳು. ಸೋಮವಾರ, ಹೊತ್ತೇರಿ ಒಂದು ತಾಸಾಗಿತ್ತು. ಶಹಾಬಾದಿನ ಮಜೀದಸಾಬನ ಗ್ಯಾರೇಜಿನ ಮುಂದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗಳ ಮಾಲೀಕ ಬಸವಂತರಾಯ ಸಾವ್ಕಾರರು ತಮ್ಮ ಜೀಪಿನಲ್ಲಿ ಕುಳಿತು ಬ್ರೇಕ್ ಒತ್ತಿದರು. ಪೆಡಲ್ಲು ನೆನೆಸಿದ ರೊಟ್ಟಿಯ ಹಾಗೆ ಮೆತ್ತಗೆ ತಳಕ್ಕೆ ಹೋಯಿತು.

"ನಾಲ್ಕೂ ಗಾಲಿಗೆ ಹೊಸಾ ಸಾಮಾನು ಹಾಕಿಸೀನಿ ಅಂದಿ. ಇದೇನಲೇ ಸಾಯಬಣ್ಣ?"

ಡ್ರೈವರ್ ಸಾಯಬಣ್ಣ ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದ. "ಮೂರು ಸಲ ಒತ್ತಿದ್ರ ಗಟ್ಟಿ ಆಗತದ್ರಿ ಸಾವ್ಕಾರ್ರ."

"ಎಮ್ಮಿ ಅಡ್ಡ ಬಂದ್ರ, ಮೂರು ಸಲ ಒತ್ತೂತನಕ ಸ್ವಲ್ಪ ತಡಿಯವ್ವಾ ಅಂತ ಅದಕ್ಕ ಹೇಳ್ಲೇನು? ಮಜೀದಸಾಬನ ಕಡೀನೇ ಹೋಗೂಣಂದವ ನೀನು. ಮಧ್ಯಾಹ್ನದೊಳಗ ಬ್ರೇಕ್ ಸರಿ ಆಗ್ಲಿಲ್ಲಂದ್ರ ನಾಳಿಂದ ಬರಬ್ಯಾಡ."

ಸಾಯಬಣ್ಣನದು ಹನ್ನೊಂದು ವರ್ಷದ ನೌಕರಿ. ಜೀಪಿನ ಕೆಳಗೆ ಮಲಗಿದ್ದ ಮಜೀದಸಾಬ ಮಾತ್ರ ನಕ್ಕ. "ಅಂಜಬ್ಯಾಡೋ. ಸಾಮಾನು ಖರಾಬಿಲ್ಲ, ಪೈಪಿನ್ಯಾಗ ಹವಾ ಕುಂತದ. ನೀ ಪೆಡಲ್ ಒತ್ತಿ ಹಿಡಿ, ನಾ ಗಾಲಿ ಹತ್ರದ ನಿಪ್ಪಲ್ ಬಿಚ್ಚಿ ಹವಾ ತೆಗೀತೀನಿ. ಒಂದು ಚಾ ಕುಡಿಯೂದ್ರಾಗ ಆಗತದ."

"ಇವನ ಕಾಲಿಗೇನು ತಿಳೀತದ? ನಾನೇ ಒತ್ತತೀನಿ" ಎಂದರು ಸಾವ್ಕಾರರು.

ತೊಡಕು ಶುರುವಾದದ್ದು ಅಲ್ಲಿ. ದುಡಿಯುವವರ ಮಾತನ್ನು ಸಾವ್ಕಾರರು ನೇರವಾಗಿ ಎಂದೂ ಕೇಳಿದವರಲ್ಲ. ಖಣಿಯಲ್ಲಿ ಆಳು ನಾಲ್ಕು ಮಾರು ದೂರ ನಿಂತು ಹೇಳಿದ್ದನ್ನು ಸಾಯಬಣ್ಣ ಮತ್ತೊಮ್ಮೆ ಹೇಳಬೇಕು. ಆಮೇಲೆಯೇ ಅದು ಅವರ ಕಿವಿಗೆ ಮಾತು. ಮಜೀದಸಾಬನಿಗೂ ಆ ರಿವಾಜು ಗೊತ್ತಿತ್ತು.

"ಸಾಯಬಣ್ಣ, ಒತ್ತಲಿಕ್ಕೆ ಹೇಳು."

"ಸಾವ್ಕಾರ್ರ, ಒತ್ತಬೇಕಂತರಿ."

ಒತ್ತಿದರು. ನಿಪ್ಪಲ್ಲು ಬ್ರೇಕಿನ ಎಣ್ಣೆಯನ್ನು ಗುಳ್ಳೆಗುಳ್ಳೆಯಾಗಿ ಉಗುಳಿತು.

"ನಾ ಬಿಗಿ ಮಾಡೂತನಕ ಕಾಲು ಎತ್ತಬಾರದು, ಹೇಳು ಜಲ್ದಿ!"

"ಸಾವ್ಕಾರ್ರ, ಮಜೀದ್ ಮಾಮಾ ಅಂತಾನ್ರಿ, ಬಿಗಿ ಮಾಡೂತನಕ ತಾವು ಕಾಲು..."

ಅಷ್ಟರಲ್ಲಿ ಕಾಲು ಮೇಲೆ ಬಂದಿರುತ್ತಿತ್ತು. ಉಗುಳಿದ ಗಾಳಿಯನ್ನು ಪೈಪು ಮತ್ತೆ ಒಳಗೆಳೆದುಕೊಳ್ಳುತ್ತಿತ್ತು. ಒಂದೊಂದು ಗಾಲಿಗೂ ಎಂಟೆಂಟು ಸಲ ಹೀಗೇ ಆಯಿತು. ತಪ್ಪು ಯಾರ ಕಾಲಿನದೆಂದು ಮಜೀದಸಾಬನಿಗೆ ತಿಳಿದಿತ್ತು, ಸಾಯಬಣ್ಣನಿಗೂ ತಿಳಿದಿತ್ತು. ಆದರೆ ಆ ಮಾತನ್ನು ಯಾವ ನಮೂನೆಯಲ್ಲಿ ಮುಟ್ಟಿಸುವುದು? ಸಾಯಬಣ್ಣ ತನ್ನ ನೆರಳು ನೋಡಿಕೊಂಡ. ಅದು ಗಿಡ್ಡವಾಗಿತ್ತು, ಮಧ್ಯಾಹ್ನ ಹತ್ತಿರ ಬಂದಿತ್ತು.

ಮಜೀದಸಾಬನೂ ಆ ನೆರಳನ್ನು ಕೆಳಗಿನಿಂದ ನೋಡುತ್ತಿದ್ದ. "ಸಾಯಬಣ್ಣ, ನೀ ಸುಮ್ನಿರು ಇನ್ನ!" ಎಂದು ಗದರಿದವನೇ, ಗ್ಯಾರೇಜಿನ ತಗಡು ಅದುರುವ ಹಾಗೆ ನೇರ ಸಾವ್ಕಾರರಿಗೇ ಕೂಗಿದ. "ಹೂಂ, ಒತ್ತು! ಹಿಡಿ... ಎತ್ತಬ್ಯಾಡ, ಎತ್ತಿಗಿತ್ತೀ ಮತ್ತ!... ಹಾಂ, ಈಗ ಬಿಡು!"

ಈ ಸಲ ಸಾವ್ಕಾರರ ಕಾಲು ನಡುವೆ ಮೇಲೇಳಲಿಲ್ಲ. ಒತ್ತು ಅಂದಾಗ ಒತ್ತಿತು, ಬಿಡು ಅಂದಾಗ ಬಿಟ್ಟಿತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ನಾಲ್ಕೂ ಗಾಲಿ ಮುಗಿದಾಗ ಪೆಡಲ್ಲು ಎರಡು ಬೆರಳು ಇಳಿದು ಕಲ್ಲಿನ ಹಾಗೆ ನಿಂತುಬಿಟ್ಟಿತು. ಮಧ್ಯಾಹ್ನಕ್ಕೆ ಇನ್ನೂ ಒಂದು ಗಳಿಗೆ ಇತ್ತು.

ಮಜೀದಸಾಬ ಹೊರಗೆ ಬಂದು ತಲೆಯ ಮೇಲೆ ಟೋಪಿ ಸರಿಮಾಡಿಕೊಂಡ. "ಈಗ ಹ್ಯಾಂಗದ ಅಂತ ಸಾವ್ಕಾರ್ರಿಗೆ ಕೇಳೋ ಸಾಯಬಣ್ಣ."

ಸಾಯಬಣ್ಣ ಕೇಳಿದ. ಸಾವ್ಕಾರರು ಮುಖ ಒರೆಸಿಕೊಂಡು, ಇಷ್ಟು ಹೊತ್ತು ಪಕ್ಕದಲ್ಲೇ ನಿಂತು, ತಮಗೆ ಒತ್ತು, ಬಿಡು ಅಂದದ್ದನ್ನೆಲ್ಲ ಕೇಳಿದ್ದ ಸಾಯಬಣ್ಣನ ಎರಡು ಕಿವಿಗಳನ್ನು ನೋಡಿದರು.

ಬುಧವಾರ ಸಾವ್ಕಾರರ ಲೆಕ್ಕ ಬರೆಯುವ ಮುನೀಮನ ಕೈಯಲ್ಲಿ ಚೀಟಿ ಬಂತು: ಬ್ರೇಕು ಮೆತ್ತಗಿರುವ ಕಾರಣ ಸಾಯಬಣ್ಣನನ್ನು ಕೆಲಸದಿಂದ ತೆಗೆಯಲಾಗಿದೆ.

ಗುರುವಾರ ಬೆಳಿಗ್ಗೆ ಸಾಯಬಣ್ಣ ಚೀಟಿಯನ್ನು ಜೇಬಿನಲ್ಲಿಟ್ಟು, ಟ್ರಂಕು ತಲೆಯ ಮೇಲೆ ಹೊತ್ತು, ತನ್ನೂರು ಕಾಳಗಿಯ ಬಸ್ಸಿಗೆಂದು ರಸ್ತೆ ದಾಟುತ್ತಿದ್ದ. ತಿರುವಿನಲ್ಲಿ ಜೀಪು ಬಂತು. ಸಾವ್ಕಾರರೇ ನಡೆಸುತ್ತಿದ್ದರು. ಕೈ ಮುಗಿಯಬೇಕೆಂದು ಅವನು ನಡುರಸ್ತೆಯಲ್ಲೇ ನಿಂತ, ಆದರೆ ಟ್ರಂಕು ಬಿಡುವಂತಿರಲಿಲ್ಲ. ಜೀಪು ಬ್ರೇಕಿನ ಒಂದೇ ಒತ್ತಿಗೆ, ಅವನ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.