ಹುಲ್ಲಿನಲ್ಲಿ ಮಿಡಿದದ್ದು

ಶೇಷನ ಮೇಲೆ ಪವಡಿಸಿಯೂ ಲೋಕಕ್ಕಾಗಿ ಎಚ್ಚರವಾಗಿರುವ ಶ್ರೀಹರಿಗೆ ವಂದಿಸಿ, ಮೂವತ್ತಾರನೆಯ ಇಸವಿಯ ಕೊಯ್ಲಿನಲ್ಲಿ ಹಟ್ಟಿಕೇರಿಯ ಕಣದೊಳಗೆ ನಡೆದುದನ್ನು ಹೇಳುತ್ತೇನೆ.

“ಬೀರಾ, ಹಾವು!”

ಬೆಳಗಿನಿಂದ ಭತ್ತ ಬಡಿದು ದಣಿದು, ಹುಲ್ಲಿನ ರಾಶಿಗೆ ತಲೆಯಿಟ್ಟು ಮಧ್ಯಾಹ್ನದ ನಿದ್ದೆ ಹೋಗಿದ್ದ ಜಟ್ಟು ಕಣ್ಣು ತೆರೆದು ಕೂಗಿದ್ದ. ದೇಹ ಮಾತ್ರ ಕಲ್ಲಾಗಿತ್ತು. ತಲೆಯ ಹಿಂದೆ ಹುಲ್ಲಿನೊಳಗೆ ಬಲಗೈ ಆಡಿಸಿದಾಗ ತಣ್ಣನೆಯ, ಭಾರವಾದ, ಮಿಡಿಯುವ ಏನೋ ತಗುಲಿತ್ತು.

“ಹಂದಬೇಡ ಅಣ್ಣಾ, ಅಲ್ಲಾಡಬೇಡ!” ತಮ್ಮ ಬೀರಾ ಕತ್ತಿ ಹಿರಿದು ಓಡಿಬಂದ. ಜಟ್ಟುವಿನ ತಲೆಯಿಂದ ಗೇಣು ದೂರದಲ್ಲಿ ಹುಲ್ಲು ಅದುರಿತು, ನಿಂತಿತು, ಮತ್ತೆ ಅದುರಿತು. “ದಪ್ಪ ಎಷ್ಟದೆ?”

“ನನ್ನ ಮುಂಗೈಯಷ್ಟು! ಬೇಗ ಕಡಿಯೋ, ಮುಖದ ಮೇಲೆ ಬರ್ತದೆ!”

ಗಂಜಿ ತಂದಿದ್ದ ಜಟ್ಟುವಿನ ಹೆಂಡತಿ ನಾಗಿ ಗಡಿಗೆಯನ್ನು ನೆಲಕ್ಕಿಳಿಸಿದಳು. ಅವಳಿಗೆ ಎಂಟನೆಯ ತಿಂಗಳು. ಗರ್ಭಿಣಿಯ ಸಮ್ಮುಖದಲ್ಲಿ ಸರ್ಪವು ಕಣ್ಣು ಕಾಣದೆ ನಿಶ್ಚಲವಾಗುವುದೆಂಬುದು ಅಲ್ಲಿಯ ಹಿರಿಯರ ನಂಬಿಕೆ.

“ತಡಿ ಬೀರಾ. ನಾ ಎದುರಿಗೆ ನಿಲ್ತೆ, ಅದು ಮಿಸುಕೂದಿಲ್ಲ. ನೀ ಅಣ್ಣನ್ನ ಎಳ್ಕೋ.”

“ಹುಚ್ಚು ಹಿಡೀತೇನೇ ಅತ್ಗೆ? ಕಚ್ಚಿದ್ರೆ?”

“ನಾಗನ್ನ ಕೊಂದ ಮನೇಲಿ ನಾ ಹೆಂಗೆ ಹೆರೂದು?”

ಹೊಟ್ಟೆಯ ಮೇಲೆ ಕೈಯಿಟ್ಟು, ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಹುಲ್ಲು ಅದುರಿತು. ಉಸಿರು ಬಿಗಿಹಿಡಿದು ನೋಡಿದಳು. ಮತ್ತೆ ಅದುರಿತು. ತಾಳ್ಮೆಗೆಟ್ಟ ಬೀರನ ಕತ್ತಿ ಮೇಲೇರಿತು.

“ಕಡೀಬೇಡ! ನನ್ನೆದುರಿಗೂ ಮಿಸುಕ್ತದೆ, ಇದು ಹಾವೇ ಅಲ್ಲ!” ಎಂದು ಕಿರುಚಿ ನಾಗಿ ಅವನ ತೋಳನ್ನು ತಳ್ಳಿದಳು. ಕತ್ತಿ ಓರೆಯಾಗಿ ಬಿದ್ದು ಹುಲ್ಲನ್ನು ಸೀಳಿ ನೆಲಕ್ಕೆ ನಾಟಿತು.

ಸೀಳಿದ ಹುಲ್ಲಿನ ನಡುವೆ ಐದು ಬೆರಳುಗಳು ಕಂಡವು. ಹೆಬ್ಬೆರಳು ತಾನಾಗಿಯೇ ಸೆಳೆದುಕೊಳ್ಳುತ್ತಿತ್ತು. ನಿದ್ದೆಯಲ್ಲಿ ತಲೆಯ ಹಿಂದೆ ಹುಲ್ಲಿನೊಳಕ್ಕೆ ಚಾಚಿಕೊಂಡು ಜೋಮು ಹಿಡಿದು ಮರಗಟ್ಟಿದ್ದ ಜಟ್ಟುವಿನ ಎಡಗೈ ಅದು.

ಬೀರಾ ಕತ್ತಿಯನ್ನು ನೆಲದಿಂದ ಕಿತ್ತು ದೂರ ಎಸೆದ. ಜಟ್ಟು ಬಲಗೈಯಿಂದ ಎಡಗೈಯನ್ನು ಪರರ ವಸ್ತುವೊಂದರಂತೆ ಎತ್ತಿ ಮಡಿಲಲ್ಲಿಟ್ಟುಕೊಂಡ.

“ನೀ ಕಡಿದಿದ್ರೂ ನಂಗೆ ನೋವು ಗೊತ್ತಾಗ್ತಿರ್ಲಿಲ್ಲ ಮಾರಾಯಾ,” ಎಂದ. “ಹಾವು ಸತ್ತಿತು ಅಂತ ನಗ್ತಿದ್ದೆ.”

ಈ ಕಥೆ ಕೇಳಿದವರೆಲ್ಲರ ಎತ್ತಿದ ಕೈಯನ್ನು ತಡೆಯುವವರು ಅವರವರ ಮನೆಯಲ್ಲೇ ಇರಲಿ, ಸರ್ವರಿಗೂ ಮಂಗಳವಾಗಲಿ.