ಒಂದೇ ಗೋಡೆಗೆ ಹೊಸ ಬಣ್ಣ

"ಈ ಬೀರುವನ್ನ ಸ್ವಲ್ಪ ಸರಿಸ್ತೀರಾ?" ಎಂದು ಟೈಲರಮ್ಮ ಕೇಳಿದಾಗ ಬ್ರೋಕರನ ಮುಖ ಸಪ್ಪಗಾಯಿತು.

"ಅದ್ಯಾಕಮ್ಮಾ? ಬೀರು ಮನೆ ಜೊತೆಗೇ ಬರುತ್ತೆ, ಪುಕ್ಕಟೆ."

ಜೊತೆಗೆ ಬಂದಿದ್ದ ಅವಳ ತಮ್ಮ ಅವಳ ಕಿವಿಯ ಹತ್ತಿರ ಬಾಗಿ, "ಅಕ್ಕಾ, ಸಾಕು ಬಾ. ಮಾನ ಹೋಗ್ತಿದೆ," ಎಂದು ಗೊಣಗಿದ. ಅವನ ಸಂಕಟಕ್ಕೆ ಕಾರಣವಿತ್ತು. ಬಂದಾಗಿನಿಂದ ಅಕ್ಕ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೀರಿನ ರಭಸ ನೋಡಿದ್ದಳು. ಪ್ರತಿ ಕಿಟಕಿಯನ್ನೂ ತೆರೆದು ಮುಚ್ಚಿದ್ದಳು. ಸಾಲದ್ದಕ್ಕೆ ಪಕ್ಕದ ಮನೆಯ ಬಾಗಿಲು ತಟ್ಟಿ, ಬೇಸಿಗೆಯಲ್ಲಿ ನೀರು ಬರುತ್ತದೆಯೇ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಬಸ್ಸಿಳಿದು ಒಬ್ಬರೇ ನಡೆದು ಬರಬಹುದೇ ಎಂದು ವಿಚಾರಿಸಿ ಬಂದಿದ್ದಳು.

"ನೀವೇನು ಇಲ್ಲಿ ಇರೋರಲ್ವಲ್ಲಮ್ಮಾ," ಬ್ರೋಕರ್ ನಗಲು ನೋಡಿದ. "ಕೊಂಡು ಬಾಡಿಗೆಗೆ ಕೊಡೋದು ತಾನೆ? ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರಿ?"

"ಅದಕ್ಕೇ ನೋಡ್ತಿರೋದು. ಇರೋಕೆ ಬರೋರು ಬಾಯಿಬಿಟ್ಟು ಕೇಳಲ್ಲ. ನಾನೂ ಕೇಳ್ತಿರಲಿಲ್ಲ. ಮೂರು ಗೋಡೆಗೆ ಹಳೇ ಬಣ್ಣ, ಬೀರು ಹಿಂದಿನ ಇದೊಂದಕ್ಕೆ ಮಾತ್ರ ಹೊಸದು. ಸರಿಸಿ."

ಒಂಬತ್ತು ಬಾಡಿಗೆ ಮನೆ ಕಂಡವಳು ಅವಳು. ಅವುಗಳಲ್ಲೊಂದರ ಥಂಡಿ ಗೋಡೆಯ ಪಕ್ಕ ಮಲಗಿ ಮಲಗಿಯೇ ಮಗಳಿಗೆ ಕೆಮ್ಮು ಗಂಟುಬಿದ್ದದ್ದು. ಒಂದೇ ಒಂದು ಸಲ ಹೇಳಿದ್ದಕ್ಕೆ ಮನೆಯೊಡೆಯ, "ಇಷ್ಟ ಇದ್ರೆ ಇರಿ," ಎಂದಿದ್ದ. ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರ ತುಳಿದು ಉಳಿಸಿದ್ದೆಲ್ಲ ಈಗ ಈ ಎರಡು ಕೋಣೆಗೆ ಹೋಗುವುದಿತ್ತು.

ಮೂವರೂ ಸೇರಿ ಬೀರು ತಳ್ಳಿದರು. ಅವಳು ಹಿಂದಿನ ಗೋಡೆಯನ್ನು ಹೆಬ್ಬೆರಳಿಂದ ಒತ್ತಿದ್ದೇ ತಡ, ಗಾರೆ ನೆನೆದ ಬಿಸ್ಕತ್ತಿನಂತೆ ಮೆತ್ತಗೆ ಕಳಚಿ ಅವಳ ಕಾಲ ಮೇಲೆಯೇ ಉದುರಿತು. ಅವಳ ತಮ್ಮ ಅದನ್ನು ಎತ್ತಿ ಮುಟ್ಟಿ ನೋಡಿದ; ಒದ್ದೆಯಾಗಿತ್ತು.

"ಮೇಲಿನ ಮನೆ ಬಚ್ಚಲು ಇದರ ಮೇಲೇ ಇದೆ ಅಲ್ವಾ?"

ಬ್ರೋಕರ್ ಹೌದೆಂದು ತಲೆಯಾಡಿಸಿದ.

"ನಡಿ ಅಕ್ಕಾ, ಬೇರೆ ನೋಡೋಣ," ಎಂದ ತಮ್ಮ. ಈಗ ಅವನ ದನಿಯಲ್ಲಿ ಗೊಣಗಾಟವಿರಲಿಲ್ಲ.

"ಯಾಕೆ? ನೀರಿದೆ, ಗಾಳಿಯಿದೆ, ಬೀದಿ ಒಳ್ಳೇದು. ಗೋಡೆ ಕಾಯಿಲೆ ವಾಸಿಯಾಗುತ್ತೆ." ಅವಳು ಬ್ರೋಕರನ ಕಡೆ ತಿರುಗಿದಳು. "ಮಾಲೀಕರಿಗೆ ಫೋನ್ ಮಾಡಿ. ಮೇಲಿನ ಪೈಪು ಬದಲಾಯಿಸಿ, ಈ ಗಾರೆ ಕಿತ್ತು ಹೊಸದು ಹಾಕಿಸ್ಲಿ. ಗೋಡೆ ಒಣಗಿದ್ದು ನಾನು ನೋಡಿದ ಮೇಲೇ ನೋಂದಣಿ. ಅದನ್ನ ಕರಾರಲ್ಲಿ ಬರೆಸಿ."

ಬ್ರೋಕರ್ ಬಾಲ್ಕನಿಗೆ ಹೋದ. ಫೋನಿನಲ್ಲಿ ಮಾಲೀಕ ಕೂಗಾಡಿದ್ದು ಒಳಗಿನವರೆಗೂ ಕೇಳಿಸಿತು. ಟೈಲರಮ್ಮ ಅಲುಗಾಡಲಿಲ್ಲ. ಹತ್ತು ನಿಮಿಷಕ್ಕೆ ಬ್ರೋಕರ್ ಬೆವರೊರೆಸಿಕೊಳ್ಳುತ್ತ ಬಂದ.

"ಒಪ್ಪಿದ್ರು. ಬರೆದೂ ಕೊಡ್ತಾರಂತೆ."

ಒಂಬತ್ತು ಮನೆಗಳಲ್ಲಿ ಅವಳು ನುಂಗಿಕೊಂಡ ಮಾತು ಇವತ್ತು ಒಂದೇ ಉಸಿರಿಗೆ ಹೊರಬಂದು ಗೆದ್ದಿತ್ತು. "ಅಕ್ಕಾ!" ಎಂದು ತಮ್ಮ ಅವಳ ಎರಡೂ ಕೈ ಹಿಡಿದುಕೊಂಡ.

ಮೆಟ್ಟಿಲಿಳಿಯುವಾಗ ಬ್ರೋಕರ್ ಬೇಕೆಂದೇ ಹಿಂದೆ ಉಳಿದು, ಅವಳ ತಮ್ಮ ಬೀದಿ ಸೇರುವವರೆಗೆ ಕಾದು, ದನಿ ತಗ್ಗಿಸಿದ.

"ಅಮ್ಮಾ, ಭಾನುವಾರ ಬಿಡುವಿದ್ಯಾ? ನನ್ನ ಮಗಳಿಗೆ ಇರೋಕೆ ಒಂದು ಮನೆ ನೋಡಿದ್ದೀನಿ. ನೀವು ಒಂದ್ಸಲ ಬಂದು ನೋಡ್ಬೇಕು."