ನೂಲಿನ ಗಂಟು

"ಎಂಜಿನ್ ಎಷ್ಟ ಕಾದ್ರೂ ಮೀಟರಿನ ಮುಳ್ಳು ಏಳವಲ್ದು ನೋಡ್ರಿ," ಎಂದ ಲಗಮಪ್ಪ. ಹಳೇ ವ್ಯಾನನ್ನು ಮೊನ್ನೆ ಕೊಂಡು ನೀಲಿ ಬಣ್ಣ ಹೊಡೆಸಿದ್ದ.

ಮೆಕ್ಯಾನಿಕ್ ರಾಚಪ್ಪ ಬಿಸಿ ಅಳೆಯುವ ಸೆನ್ಸರ್ ಹುಡುಕುತ್ತ ಎಂಜಿನ್ನಿನ ಸಂದಿಗೆ ಕೈ ತೂರಿಸಿದ. ಸೆನ್ಸರಿನ ವೈರು ಬಿಚ್ಚಿ ಪೈಪಿಗೆ ನೂಲಿನಿಂದ ಕಟ್ಟಿತ್ತು. ಬೆರಳು ಗಂಟಿನ ಮೇಲೆ ನಿಂತಿತು. ಮಗ್ಗದಲ್ಲಿ ಕಡಿದ ಎಳೆಗೆ ನೇಕಾರರು ಹಾಕುವ ಗಂಟು, ಅದೂ ಎಡಗೈಯವರದು. ನೇಕಾರರ ಮನೆಯಲ್ಲಿ ಬೆಳೆದ ಎಡಚ ರಾಚಪ್ಪನದೇ.

ಏಳು ವರ್ಷದ ಹಿಂದೆ ಈ ವ್ಯಾನು ಕೆಂಪಗಿತ್ತು. ಮುಳ್ಳು ಸುಮ್ಮನೆ ಏರುತ್ತದೆಂದು ತಾನೇ ವೈರು ಬಿಚ್ಚಿ, "ರಿಪೇರಿ ಆತು, ನಡಿ" ಎಂದು ತಮ್ಮ ಮಲಕಾಜಪ್ಪನನ್ನು ಸೀರೆ ಲೋಡಿನೊಂದಿಗೆ ಕಳಿಸಿದ್ದ. ಬೀಳಗಿ ದಾರಿಯಲ್ಲಿ ತಮ್ಮ ನೀರು ಹಾಕಲು ರೇಡಿಯೇಟರಿನ ಮುಚ್ಚಳ ತೆಗೆದಾಗ ಕುದಿನೀರು ಮುಖಕ್ಕೆ ಚಿಮ್ಮಿತು. ಸಾಯುವ ತನಕ ಒಂದೇ ಮಾತು: "ಅಣ್ಣಾ, ಮುಳ್ಳು ಥಂಡಾನ ತೋರಿಸ್ತಿತ್ತಲ್ಲ..."

"ರಿಪೇರಿ ಆತೇನ್ರಿ, ರಾಚಪ್ಪಣ್ಣ?"